ಡೆಜೋ ಕಂಡ ಹಕ್ಕಿ

ಡೆಜೋ ಎಡಗೈ ಎತ್ತಿ ಜೊಂಡಿನ ಕಡೆ ತೋರಿಸಿದ. ತಂಗಿ ಎಟೆಲ್ಕಾ ದುರ್ಬೀನನ್ನು ಅತ್ತ ತಿರುಗಿಸಿದಳು. ಹಿಮ ಹೊತ್ತು ಬಾಗಿದ ಒಣ ಜೊಂಡು, ಅದರಾಚೆ ಗಟ್ಟಿಯಾಗಿ ಹೆಪ್ಪುಗಟ್ಟಿದ ವೆಲೆನ್ಸೆ ಸರೋವರ. ಬೇರೇನೂ ಕಾಣಲಿಲ್ಲ.

"ಎಲ್ಲಣ್ಣಾ? ಬಾತುಕೋಳಿನಾ?"

ಅವನು ಅಲ್ಲವೆಂದು ತಲೆಯಾಡಿಸಿದ. ಬಾಯಿ ತೆರೆದ, ಮಾತು ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಲಕ್ವ ಹೊಡೆದ ಮೇಲೆ ಅವನು ಈ ಮರದ ಅಟ್ಟಣೆಗೆ ಬಂದದ್ದು ಇದೇ ಮೊದಲು. ಮೂವತ್ತೆಂಟು ವರ್ಷ ಪ್ರತಿ ಜನವರಿಯಲ್ಲೂ ಇಲ್ಲಿ ಹಕ್ಕಿ ಎಣಿಸಿದವನು. ರೆಕ್ಕೆಯ ಸದ್ದು ಕೇಳಿಯೇ ಹೆಸರು ಹೇಳುತ್ತಿದ್ದವನು. ಇಲ್ಲಿಗೆ ಕರೆತಂದರೆ ಮಾತು ಮರಳೀತೆಂದು ಎಟೆಲ್ಕಾಳ ಆಸೆ. ಡಾಕ್ಟರು ಹಾಗೇನೂ ಹೇಳಿರಲಿಲ್ಲ.

ಪಕ್ಕದಲ್ಲಿ ವಿಲ್ಮೋಸ್ ಹೆಬ್ಬಾತುಗಳನ್ನು ಎಣಿಸುತ್ತಿದ್ದ. ಡೆಜೋ ಪಾಠ ಹೇಳುತ್ತಿದ್ದ ಶಾಲೆಯಲ್ಲೇ ಓದಿ, ಹಕ್ಕಿ ಗುರುತಿಸುವುದನ್ನೂ ಅವನಿಂದಲೇ ಕಲಿತವನು. ಬೆಳಗಿನಿಂದ ಗುರುವಿನ ಜೊತೆ ಕಿವುಡರೊಡನೆ ಮಾತಾಡುವ ಹಾಗೆ ಕೂಗಿ ಮಾತಾಡುತ್ತಿದ್ದ. ಈಗ ದನಿ ತಗ್ಗಿಸಿದ.

"ಅಕ್ಕಾ, ಮೇಷ್ಟ್ರಿಗೆ ನಾವು ಹೇಳೋದು ಅರ್ಥ ಆಗುತ್ತಾ?"

"ನಿನಗಿಂತ ಚೆನ್ನಾಗಿ ಆಗುತ್ತೆ. ನೀನು ಎಣಿಸು."

ಅವಳು ಗೊತ್ತಿದ್ದ ಹೆಸರುಗಳನ್ನೆಲ್ಲ ಹೇಳಿ ನೋಡಿದಳು. ನೀರುಕೋಳಿ, ಮಿಂಚುಳ್ಳಿ, ಗಿಡುಗ. ಒಂದೊಂದಕ್ಕೂ ಅವನು ತಲೆಯಲ್ಲಾಡಿಸಿದ. ಕಡೆಗೆ ಮುಷ್ಟಿಯಿಂದ ಹಲಗೆಯನ್ನು ಗುದ್ದಿದ. ಕತ್ತಿನ ನರ ಉಬ್ಬಿತು.

"ಚಮಚ," ಅಂದ.

ವಿಲ್ಮೋಸ್ ಎಣಿಕೆ ಬಿಟ್ಟು ತಿರುಗಿ ನೋಡಿದ. ತಪ್ಪು ಮಾತೆಂದು ಡೆಜೋಗೇ ಗೊತ್ತಾಗುತ್ತಿತ್ತು; ಆದರೂ ಬಾಯಿಗೆ ಬರುತ್ತಿದ್ದುದು ಅದೊಂದೇ. "ಚಮಚ. ಚಮಚ."

ಅಷ್ಟರಲ್ಲಿ ಜೊಂಡಿನ ಒಂದು ತುಣುಕೇ ಕಿತ್ತು ನಡೆದಂತಾಯಿತು. ಕತ್ತನ್ನು ನೆಟ್ಟಗೆ ಆಕಾಶಕ್ಕೆ ಚಾಚಿಕೊಂಡ ಹಕ್ಕಿ. ಜೊಂಡಿನದೇ ಬಣ್ಣ, ಮೈಮೇಲೆ ಅದರದೇ ಗೆರೆಗಳು.

"ಜೊಂಡುಕೊಕ್ಕರೆ," ವಿಲ್ಮೋಸ್ ಪಿಸುಗುಟ್ಟಿದ. "ಐದು ಚಳಿಗಾಲದಿಂದ ನಾನು ಒಂದನ್ನೂ ಕಂಡಿರಲಿಲ್ಲ."

ಎಟೆಲ್ಕಾ ಅಣ್ಣನ ಕೈ ಹಿಡಿದುಕೊಂಡಳು. "ಹೌದಣ್ಣಾ, ಚಮಚ. ನಾನೂ ನೋಡ್ದೆ."

ಹಾಗೆ ಅನ್ನಬಾರದಿತ್ತೆಂದು ಅಂದ ಕೂಡಲೇ ಅವಳಿಗೆ ತಿಳಿಯಿತು. ಡೆಜೋ ಕೈ ಬಿಡಿಸಿಕೊಂಡ. ಅವಳು ಫ್ಲಾಸ್ಕಿನಿಂದ ನಿಂಬೆ ಚಹಾ ಬಗ್ಗಿಸಿ ಮುಂದೆ ಹಿಡಿದಳು. ಅವನು ತಿರುಗಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಇನ್ನೇನು ಮಾಡಬೇಕೆಂದು ತೋಚದೆ ಅವಳು ಲೋಟ ಹಿಡಿದೇ ನಿಂತಳು.

ಕೆಳಗೆ ಹಕ್ಕಿ ಕಾಲು ಜಾರುತ್ತ ಹಿಮದ ಮೇಲೆ ನಡೆಯಿತು. ಒಂದು ಕಡೆ ನಿಂತು ಮಂಜುಗಡ್ಡೆಯನ್ನು ಕೊಕ್ಕಿನಿಂದ ಕುಟ್ಟಿತು. ಎರಡು ಹೆಜ್ಜೆ ಸರಿದು ಮತ್ತೆ ಕುಟ್ಟಿತು.