ನದಿಗೆ ಎಸೆದ ಕದ

ಫಿರಂಗಿ ಲಾರಿಯ ಮೇಲೆ ಬೆನ್ನು ಮುಂದು ಮಾಡಿಕೊಂಡು, ಟಾರ್ಪಾಲು ಹೊದ್ದು ಬಂತು. ಅದನ್ನು ಮೊದಲು ಕಂಡವನು ಮೂಲೆಯಂಗಡಿಯ ಕ್ಷೌರಿಕ. ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬೀದಿಗೆ ಬಂದು ತನ್ನ ಓರಗೆಯ ಗೆಳೆಯನನ್ನು ಕೂಗಿದ: "ಕದದಜ್ಜಾ, ನಿನ್ನ ಹೆಂಡ್ತಿ ತವರಿಂದ ವಾಪಸ್ ಬಂದ್ಲು ನೋಡೋ!"

ಬೀದಿಯವರೆಲ್ಲ ನಕ್ಕರು. ಕದದಜ್ಜನೂ ನಕ್ಕ. ಆಮೇಲೆ ಒಳಗೆ ಹೋಗಿ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಸುಮ್ಮನೆ ನಿಂತ.

ಮೂವತ್ತು ವರ್ಷ ಬಸ್ಸು ಓಡಿಸಿದ್ದರೂ ಅವನನ್ನು ಯಾರೂ ಡ್ರೈವರ್ ಎಂದು ಕರೆಯುತ್ತಿರಲಿಲ್ಲ. ಅಡ್ಡಹೆಸರು ಬಂದದ್ದು ಅದಕ್ಕೂ ಹಿಂದಿನ ಎರಡು ವರ್ಷದ ಸಿಪಾಯಿಗಿರಿಯಿಂದ. ಆ ಫಿರಂಗಿಗೆ ಗುಂಡು ತುಂಬುತ್ತಿದ್ದದ್ದು ಬಾಯಿಯಿಂದಲ್ಲ, ಹಿಂಬದಿಯಿಂದ. ಅಲ್ಲಿ ಅಡ್ಡಕ್ಕೆ ಸರಿಯುವ ಉಕ್ಕಿನ ದಪ್ಪ ತುಂಡೊಂದಿತ್ತು. ಪುಸ್ತಕದಲ್ಲಿ ಅದು ಬ್ರೀಚ್ ಬ್ಲಾಕ್. ಆರು ಜನರ ಅವರ ತಂಡಕ್ಕೆ ಬರೀ ಕದ. ಕದ ಸರಿಸು, ಗುಂಡು ತಳ್ಳು, ಕದ ಮುಚ್ಚು, ಹಾರಿಸು. ಕದವಿಲ್ಲದ ಫಿರಂಗಿ ಚರಂಡಿ ಕೊಳವೆಗಿಂತ ಕಡೆ. ಅದಕ್ಕೇ, ಫಿರಂಗಿಯನ್ನು ಬಿಟ್ಟು ಹಿಂದೆ ಸರಿಯಬೇಕಾಗಿ ಬಂದರೆ ಕದವನ್ನಾದರೂ ಕಳಚಿ ಒಯ್ಯಬೇಕು, ವೈರಿಯ ಕೈಗೆ ಸಿಗಬಾರದು ಎಂಬುದು ನಿಯಮ. ತಂಡದಲ್ಲಿ ಅದು ಅವನ ಕೆಲಸ.

ಒಯ್ದೆ ಎಂದೇ ಅವನು ಹೇಳುತ್ತ ಬಂದಿದ್ದ. ಶೆಲ್ಲುಗಳು ಬೀಳುತ್ತಿರುವಾಗ ಹದಿನೈದು ಕೆ.ಜಿ. ತೂಕದ ಕದವನ್ನು ಹೆಗಲಿಗೇರಿಸಿ ಓಡಿ, ಸೇತುವೆಯ ನಟ್ಟನಡುವಿನಿಂದ ನದಿಗೆ ಎಸೆದ ಕತೆ. ಡಿಪೋದಲ್ಲಿ ಹೇಳಿದ್ದ, ಶಾಲೆಯಲ್ಲಿ ಹೇಳಿದ್ದ, ತನ್ನದೇ ಮದುವೆಯ ಊಟದ ಸಾಲಿನಲ್ಲಿ ಹೇಳಿದ್ದ. ಎಲ್ಲಕ್ಕಿಂತ ಹೆಚ್ಚು ಸಲ ಅಕ್ಕನಿಗೆ ಹೇಳಿದ್ದ. ಅಕ್ಕನ ಗಂಡನೇ ಆ ತಂಡದ ನಾಯಕ. ಹಿಂದೆ ಸರಿದ ಮರುದಿನ ಬೆಳಿಗ್ಗೆ ಗುಡ್ಡದ ಮಗ್ಗುಲಲ್ಲಿ ಶೆಲ್ ಬಿದ್ದು ಸತ್ತ. ಗಂಡನ ಕಡೆಯ ದಿನಗಳಲ್ಲಿ ಹೆಮ್ಮೆಪಡಲು ಅಕ್ಕನಿಗೆ ಉಳಿದದ್ದು ತಮ್ಮನ ಆ ಹೆಗಲೊಂದೇ.

ಈಗ, ನಲವತ್ತಾರು ವರ್ಷದ ಮೇಲೆ, ಆ ಕಡೆಯವರು ತಾವು ವಶಪಡಿಸಿಕೊಂಡಿದ್ದ ಫಿರಂಗಿಯನ್ನು ಸ್ನೇಹದ ಗುರುತೆಂದು ಹಿಂದಿರುಗಿಸಿದ್ದರು.

ಮಾರನೆಯ ದಿನ ಮ್ಯೂಸಿಯಮ್ಮಿನ ಹಿಂದಿನ ಶೆಡ್ಡಿನಲ್ಲಿ ಮೇಲ್ವಿಚಾರಕಿ ಅವನಿಗಾಗಿ ಕಾಯುತ್ತಿದ್ದಳು. ಚಿಕ್ಕ ವಯಸ್ಸಿನ ಹೆಂಗಸು, ತುರುಬಿನಲ್ಲಿ ಪೆನ್ಸಿಲು.

"ಕೊಳವೆ ಮೇಲಿನ ನಂಬರ್ ನಿಮ್ಮ ಫಿರಂಗಿದೇ ಅಜ್ಜ, ರೆಕಾರ್ಡಲ್ಲಿ ಸಿಕ್ತು. ಕದ ಮಾತ್ರ ಅವರು ಬೇರೆ ಹಾಕಿರ್ಬೇಕು, ಅಲ್ವಾ? ನಿಮ್ಮದು ನದೀಲಿದೆಯಲ್ಲ."

"ಹಾಕಿರ್ಬೇಕು."

"ಕದಕ್ಕೂ ಕೊಳವೆದೇ ನಂಬರ್ ಹೊಡೀತಿದ್ರಂತೆ. ಪುಣ್ಯಾತ್ಮರು ಮೂರು ಪದರ ಬಣ್ಣ ಬಳಿದಿದಾರೆ. ನಿಮ್ಮದು ಪಳಗಿದ ಕೈ, ಸ್ವಲ್ಪ ಕೆರೆದು ನೋಡ್ತೀರಾ? ನಂಬರ್ ಬೇರೆ ಅಂತ ಗೊತ್ತಾದ್ರೆ ನಿಮ್ಮ ಮಾತಿಗೆ ಸಾಕ್ಷಿ ಸಿಕ್ಕಂಗೆ."

ಕಣ್ಣು ಮಂಜು, ಮಂಡಿನೋವು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ತಾನು ಕೆರೆಯದಿದ್ದರೆ ಇನ್ನೊಬ್ಬ ಕೆರೆಯುತ್ತಾನೆ. ಅವನು ಥಿನ್ನರಿನ ಡಬ್ಬಿಗೆ ಕೈಚಾಚಿದ. ಅವಳು ಅವನ ಅಕ್ಕನನ್ನು ಕರೆತರಲು ಹೋದಳು.

ಮೊದಲು ಬೂದು ಬಣ್ಣ ಬಿಟ್ಟಿತು, ಆಮೇಲೆ ಕಂದು, ಆಮೇಲೆ ತಮ್ಮ ತಂಡದ ಕಾಲದ ಹಸಿರು. ಅದರಡಿಯಿಂದ ಮೂರರ ಅಂಕಿ ಎದ್ದಿತು. ಒಂದು ಎದ್ದಿತು. ಎಂಟು. ನಾಲ್ಕನೆಯದನ್ನು ಕೆರೆಯುವ ಅಗತ್ಯವಿರಲಿಲ್ಲ. ದಿನಾ ಸಂಜೆ ಎಣ್ಣೆ ಸವರುವಾಗ ಆ ಅಂಕಿಗಳನ್ನು ಅವನ ಬೆರಳೇ ಓದಿತ್ತು. ಆದರೂ ಕೆರೆದ. ಆರು.

ಹಿಂದೆ ಸರಿದ ಆ ಮಧ್ಯಾಹ್ನ ಭಾವ, ಗಾಯಗೊಂಡವನೊಬ್ಬನನ್ನು ಬೆನ್ನಿಗೆ ಹಾಕಿಕೊಂಡು ಓಡುತ್ತ, "ಕದ ನೋಡ್ಕೊಳ್ಳೋ!" ಎಂದಿದ್ದ. ಇವನು ಕದದ ಹಿಡಿಯ ಮೇಲೆ ಕೈ ಇಟ್ಟದ್ದೂ ನಿಜ. ಅಷ್ಟರಲ್ಲಿ ಹಿಂದೆಲ್ಲೋ ಶೆಲ್ ಸಿಡಿದು ಬಿಸಿಮಣ್ಣು ಕತ್ತಿಗೆ ರಾಚಿತು. ಒಂದು ಗೀರು ಗಾಯವೂ ಆಗಲಿಲ್ಲ. ಅವನು ಓಡಿದ. ಸೇತುವೆಯ ಆಚೆ ಭಾವ ಏದುಸಿರಿನಲ್ಲಿ "ಕದ?" ಎಂದಾಗ ನದಿಯತ್ತ ಬೆರಳು ತೋರಿಸಿದ. ಮೊದಲಿಗೆ ಸುಳ್ಳು ಇದ್ದದ್ದು ಅಷ್ಟೇ, ಒಂದು ಬೆರಳು. ಹೆಗಲು, ತೂಕ, ನೀರು ಚಿಮ್ಮಿದ ಸದ್ದು ಎಲ್ಲ ಆಮೇಲಿನ ವರ್ಷಗಳಲ್ಲಿ ಒಂದೊಂದಾಗಿ ಸೇರಿಕೊಂಡವು.

ಅದನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಾಗದ್ದು ಮರುದಿನದ್ದು. ಬೆಳಿಗ್ಗೆ ಮೊದಲ ಶೆಲ್ ತಲೆಯ ಮೇಲೆ ಹಾದುಹೋದಾಗ ಭಾವ ಚಹಾದ ಲೋಟ ಹಿಡಿದು ಕಿವಿ ಓರೆ ಮಾಡಿದ. "ಏನೋ ಇದು, ನಮ್ಮದರ ದನಿ ಇದ್ದಂಗಿದೆ?"

"ಅಂಥವು ಅವರ ಹತ್ರಾನೂ ಇವೆ ಭಾವ."

ಭಾವ ತಲೆಯಾಡಿಸಿ ಅಲ್ಲೇ ಕೂತು ಚಹಾ ಕುಡಿದ. ತಮ್ಮ ಫಿರಂಗಿ ಬಿಟ್ಟುಬಂದ ಜಾಗದಿಂದ ಎಲ್ಲೆಲ್ಲಿಗೆ ಹೊಡೆಯಬಲ್ಲದು ಎಂಬುದು ಅವನಿಗೆ ಅಂಗೈರೇಖೆಯಷ್ಟು ಗೊತ್ತಿತ್ತು. ನಿಜ ತಿಳಿದಿದ್ದರೆ ಆ ಗುಡ್ಡದ ಮಗ್ಗುಲಿನಲ್ಲಿ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ, ಯಾರನ್ನೂ ನಿಲ್ಲಲು ಬಿಡುತ್ತಿರಲಿಲ್ಲ.

ಶೆಡ್ಡಿನ ಗೂಡಿನಲ್ಲಿ ಹಸಿರು ಬಣ್ಣದ ಡಬ್ಬಿ ಇತ್ತು. ಅವನು ಬ್ರಷ್ ಅದ್ದಿ ಒಂದೇ ಎಳೆತಕ್ಕೆ ನಾಲ್ಕೂ ಅಂಕಿ ಮುಚ್ಚಿದ. ಕೈ ನಡುಗಲಿಲ್ಲ. ನಡುಗಿದ್ದರೆ ತನ್ನ ಮೇಲೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ.

ಅಕ್ಕ ಮೇಲ್ವಿಚಾರಕಿಯ ತೋಳು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಫಿರಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟೇನಾ? ನಿನ್ನ ಬಾಯಲ್ಲಿ ರೈಲು ಎಂಜಿನ್ ಇದ್ದಂಗಿತ್ತಲ್ಲೋ!"

"ನಂಬರ್ ಸಿಕ್ತಾ ಅಜ್ಜ?"

"ಸವೆದು ಹೋಗಿದೆ. ಏನೂ ಕಾಣಲ್ಲ."

"ಹೋಗ್ಲಿ ಬಿಡಿ. ಫಲಕಕ್ಕೆ ಹೀಗೆ ಬರ್ದಿದೀನಿ, ಕೇಳಿ." ಅವಳು ಗಂಟಲು ಸರಿಮಾಡಿಕೊಂಡು ಓದಿದಳು: "ಈ ಫಿರಂಗಿಯ ಮೂಲ ಕದವನ್ನು ನಮ್ಮೂರಿನ ಯೋಧರೊಬ್ಬರು ಪ್ರಾಣದ ಹಂಗು ತೊರೆದು ನದಿಗೆ ಎಸೆದರು. ಅದರಿಂದ ನೂರಾರು ಜೀವಗಳು ಉಳಿದವು."

"ಆ ನೂರರಲ್ಲಿ ನಮ್ಮನೇದೊಂದು ಸೇರ್ಲಿಲ್ಲ," ಎಂದಳು ಅಕ್ಕ. "ಆದ್ರೂ ಚೆನ್ನಾಗಿ ಬರ್ದಿದೀಯ ಕಣಮ್ಮ. ಅವರು ಇದ್ದಿದ್ರೆ ಈ ಬಾಮೈದನ್ನ ಹೆಗಲ ಮೇಲೆ ಕೂರಿಸ್ಕೊಂಡು ಊರು ಸುತ್ತಿಸ್ತಿದ್ರು." ಹಾಗೆನ್ನುತ್ತ ಕದದ ಮೇಲೆ ಕೈಯಿಟ್ಟವಳು ಫಕ್ಕನೆ ತೆಗೆದಳು. "ಅಯ್ಯೋ, ಹಸಿ ಬಣ್ಣ! ಹೇಳ್ಬಾರ್ದೇನೋ ಕತ್ತೆ?"

ಅವಳ ನಾಲ್ಕು ಬೆರಳೂ ಹಸಿರಾಗಿದ್ದವು. ಅವನು ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಅವಳ ಕೈ ಹಿಡಿದು ಒರೆಸಿದ. ಒಂದೊಂದೇ ಬೆರಳು, ಉಗುರಿನ ಸಂದಿ. ಆ ಬೆರಳುಗಳು ಎಷ್ಟು ಹಗುರಾಗಿದ್ದವೆಂದರೆ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಒರೆಸಿ ಮುಗಿಸಿದವನು ಬಟ್ಟೆಯನ್ನು ಕೆಳಗಿಡದೆ ಕದದ ಕಡೆ ತಿರುಗಿದ. ಅಲ್ಲೂ ಒರೆಸಿದ.

ಮೇಲ್ವಿಚಾರಕಿ ಕದದ ಮೇಲಿನ ಅಂಕಿ ನೋಡಿದಳು. ಕೊಳವೆಯ ಮೇಲಿನದನ್ನು ನೋಡಿದಳು. ಓದಿದ್ದ ಹಾಳೆಯನ್ನು ಮಡಚಿದಳು.

"ಎಸೆದಿಲ್ಲ ಅಕ್ಕ," ಎಂದ ಅವನು. "ಇದರಲ್ಲೇ ಬಿಟ್ಟು ಓಡಿದೆ. ಮಾರನೇ ದಿನ ಭಾವ ಸದ್ದು ಕೇಳಿ ಇದು ನಮ್ಮದಾ ಅಂತ ನನ್ನನ್ನೇ ಕೇಳಿದ್ರು. ಅಲ್ಲ ಅಂದೆ. ಹೌದು ಅಂದಿದ್ರೆ ಅಲ್ಲಿಂದ ಎದ್ದು ಹೋಗ್ತಿದ್ರು."

"ನಾನು ಹೊರಗಿರ್ತೀನಿ," ಎಂದು ಮೇಲ್ವಿಚಾರಕಿ ಹೊರಟಳು.

"ಇರಮ್ಮ," ಎಂದಳು ಅಕ್ಕ. "ಬರ್ಕೋ ಇದನ್ನೂ." ಆಮೇಲೆ ತಮ್ಮನ ಕಡೆ ತಿರುಗಿ, ಅಡುಗೆ ವಿಚಾರಿಸುವವಳ ದನಿಯಲ್ಲಿ ಕೇಳಿದಳು: "ಬಿಚ್ಚೋಕೆ ಎಷ್ಟು ಹೊತ್ತು ಬೇಕಿತ್ತು?"

"ಹದಿನೈದು ಎಣಿಸೋದ್ರೊಳಗೆ ಆಗೋದು."

"ಬಿಚ್ಚು."

"ಅಕ್ಕಾ..."

"ಬಿಚ್ಚೋ ಅಂದೆ. ಒಂದು."

ಅವನು ಹಿಡಿಗೆ ಕೈ ಹಾಕಿದ. "ಎರಡು. ಮೂರು." ಬೆರಳುಗಳಿಗೆ ದಾರಿ ನೆನಪಿತ್ತು: ಕೊಕ್ಕೆ ಒತ್ತು, ಹಿಡಿ ತಿರುಗಿಸು, ಮೊಳೆ ಎಳೆ. ಎಂಟರಲ್ಲಿ ಮೊಳೆ ಬಣ್ಣಕ್ಕೆ ಕಚ್ಚಿಕೊಂಡಿತು. ಅವಳು ಎಣಿಸುವುದನ್ನು ನಿಧಾನಿಸಲಿಲ್ಲ, ಆತುರಪಡಿಸಲೂ ಇಲ್ಲ. ಹತ್ತಕ್ಕೆ ಮೊಳೆ ಕಿತ್ತುಬಂತು. ಕದ ಅಡ್ಡಕ್ಕೆ ಸರಿಯಿತು, ಸಿಕ್ಕಿತು, ಮತ್ತೆ ಸರಿದು ಇಡಿಯಾಗಿ ಅವನ ಎದೆಯ ಮೇಲೆ ಬಿತ್ತು.

"ಹದಿನಾಲ್ಕು," ಎಂದಳು ಅಕ್ಕ.

ಅವಳು ಮತ್ತೆ ಎಣಿಸಲಿಲ್ಲ. ತಮ್ಮನ ಎಪ್ಪತ್ತರ ಹತ್ತಿರದ ಕೈಗಳನ್ನು ಒಮ್ಮೆ ನೋಡಿದಳು. ಮೇಲ್ವಿಚಾರಕಿಯ ತೋಳು ಹಿಡಿದು ತಿರುಗಿದಳು. ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದುಹೋಗುವ ಅವಳ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಅವನು ಕದವನ್ನು ಎದೆಗೆ ಅವುಚಿಕೊಂಡೇ ನಿಂತಿದ್ದ. ಇಳಿಸು ಎಂದು ಯಾರೂ ಹೇಳಲಿಲ್ಲ. ಅವನು ಇಳಿಸಲಿಲ್ಲ.