ಬಿಟ್ಟ ಕಾಯಿನ್

“ಇದು ನಡಿಯಂಗಿಲ್ರಿ ಸಾವ್ಕಾರ್ರ,” ಎಂದು ಜಗದೇವ ಹತ್ತು ರೂಪಾಯಿಯ ಕಾಯಿನ್ನನ್ನು ಎರಡು ಬೆರಳಲ್ಲಿ ಎತ್ತಿ ದೌಲತರಾಯರ ಕಪ್ಪಿನ ಪಕ್ಕಕ್ಕೇ ವಾಪಸ್ಸಿಟ್ಟ. “ನೋಟ ಇದ್ರ ಕೊಡ್ರಿ, ಇಲ್ಲಂದ್ರ ನಾಳಿ ಕೊಡ್ರಿ.”

ಆಳಂದದ ಬಸ್ ನಿಲ್ದಾಣದ ಎದುರು ಜಗದೇವನ ಚಹಾದಂಗಡಿ. ದೌಲತರಾಯರು ಊರಾಚೆ ತೊಗರಿಬೇಳೆಯ ಮಿಲ್ಲು ನಡೆಸುವವರು. ಲಾರಿಗಟ್ಟಲೆ ಬೇಳೆ ತೂಗಿಸುವ ಅಂಥವರ ಹತ್ತು ರೂಪಾಯಿಗೂ ಅಲ್ಲಿ ಕಿಮ್ಮತ್ತಿರಲಿಲ್ಲ. ವರ್ಷವಾಗಿತ್ತು, ಆ ಕಾಯಿನ್ನನ್ನು ಈ ಭಾಗದಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ನಕಲಿ ಬಂದಿದೆಯಂತೆ ಎಂದು ಒಬ್ಬರು, ಸರಕಾರ ಬಂದ್ ಮಾಡಿದೆಯಂತೆ ಎಂದು ಇನ್ನೊಬ್ಬರು. ಹೇಳಿದವರು ಯಾರು ಎಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರ ಕಡೆ ಕೈ ತೋರಿಸುತ್ತಿದ್ದರು. ಬ್ಯಾಂಕಿನವರು ‘ಚಲಾವಣೆಯಲ್ಲಿದೆ’ ಎಂದು ಬೋರ್ಡು ಹಾಕಿದ್ದರು. ಬೋರ್ಡು ಗಾಳಿಗೆ ತೂಗಾಡುತ್ತಿತ್ತು, ಕಾಯಿನ್ ಮಾತ್ರ ನಿಂತಲ್ಲೇ ನಿಂತಿತ್ತು.

“ಸರಕಾರದ ಮುದ್ರಿ ಅದಲ್ಲೋ ಇದರ ಮ್ಯಾಲ,” ಎಂದರು ದೌಲತರಾಯರು.

“ಸರಕಾರ ತಗೋತದರಿ. ಮಂದಿ ತಗೊಳಂಗಿಲ್ಲ.”

ಎದುರಿನ ಬೆಂಚಿನಲ್ಲಿ ಕೂತಿದ್ದ ಗುರುಶಾಂತನಿಗೆ ಇಷ್ಟು ಸಾಕಾಯಿತು. ಅವನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು. ಕಾಲೇಜಿನಲ್ಲಿ ಉಪನ್ಯಾಸಕ, ಊರಿಗೆ ಮಾಸ್ತರ. ತರಗತಿಯಲ್ಲಿ ಹುಡುಗರು ಆಕಳಿಸುತ್ತಿದ್ದರು. ಚಹಾದಂಗಡಿಯಲ್ಲಿ ಜನ ಕಿವಿಗೊಡುತ್ತಿದ್ದರು. ಹಾಗಾಗಿ ಅವನ ಒಳ್ಳೆಯ ಪಾಠಗಳೆಲ್ಲ ಇಲ್ಲೇ ಆಗುತ್ತಿದ್ದವು. ಅದು 2017ರ ಡಿಸೆಂಬರ್. ವಾರದಿಂದ ಅವನಿಗೂ ದೌಲತರಾಯರಿಗೂ, ಫೋನಿನಲ್ಲೇ ಕೊಂಡು ಇಡುವ ಹೊಸ ಕಾಯಿನ್ನಿನ ಬಗ್ಗೆ ಒಂದೇ ವಾದ ನಡೆದಿತ್ತು.

“ಇದೇ ನಾ ಹೇಳಾಕತ್ತೇನಿ,” ಎಂದ ಗುರುಶಾಂತ. “ರೊಕ್ಕ ಅಂದ್ರ ತಾಮ್ರ ಹಿತ್ತಾಳಿ ಅಲ್ರಿ, ಕಾಗದಾನೂ ಅಲ್ಲ. ಮಂದಿ ನಂಬಿಗಿ. ಹೋದ ವರ್ಷ ಸಂಜಿಮುಂದ ಕಿಸೆದಾಗಿದ್ದ ಐನೂರರ ನೋಟ ಮುಂಜಾನಿ ರದ್ದಿ ಆತಿಲ್ಲೋ? ಅದಕ್ಕೂ ಮುದ್ರಿ ಇತ್ತು. ಈ ಹೊಸಾ ಕಾಯಿನ್ ಹಂಗಲ್ಲ. ಯಾವ ಸರಕಾರಕ್ಕೂ ರದ್ದು ಮಾಡಾಕ ಬರಂಗಿಲ್ಲ. ಅದಕ್ಕ ಮಾಲಕನೇ ಇಲ್ಲ.”

“ಮಾಲಕ ಇಲ್ಲದ ಎತ್ತು ಯಾರ ಹೊಲ ಮೇಯ್ದರೂ ಕೇಳಾವ್ರ ಯಾರು?” ಎಂದರು ದೌಲತರಾಯರು. “ನಿಮ್ಮ ಫೋನು ನೀರಾಗ ಬಿತ್ತು ಅಂತಿಟ್ಕೋರಿ. ಗುಪ್ತ ನಂಬರ ಮರ್ತ್ರಿ ಅಂತಿಟ್ಕೋರಿ. ಯಾರ ಮ್ಯಾಲ ಕೇಸ್ ಹಾಕ್ತೀರಿ? ಅದರ ಊರು ಯಾವ್ದು, ಠಾಣಾ ಯಾವ್ದು?”

“ಲೆಕ್ಕ ಎಲ್ಲಾರ ಕಂಪ್ಯೂಟರದಾಗೂ ಇರ್ತದರಿ. ಒಬ್ಬಾಂವ ತಿದ್ದತೇನಿ ಅಂದ್ರ ಆಗಂಗಿಲ್ಲ.”

“ಎಲ್ಲಾರಂದು ಅಂದ್ರ ಯಾರದೂ ಅಲ್ಲ ಅಂತ, ಮಾಸ್ತರ್ರ.”

ಜನ ನಕ್ಕರು. ಗುರುಶಾಂತನಿಗೆ ನಗು ಹಿಡಿಸಲಿಲ್ಲ. ಚಹಾದಂಗಡಿಯ ಪಕ್ಕದ ಬೇವಿನ ಗಿಡದ ಕೆಳಗೆ, ಒದ್ದೆ ಗೋಣಿಯ ಮೇಲೆ ಎಲೆ, ಅಡಿಕೆ, ಲಿಂಬೆಹಣ್ಣು ಹರಡಿಕೊಂಡು ಕೂತಿದ್ದ ನಿಂಬೆವ್ವ ಮಾತ್ರ ನಗದೆ ಕೇಳುತ್ತಿದ್ದಳು. ಮಟಕಿ ಎಂಬ ಹಳ್ಳಿಯಿಂದ ದಿನಾ ಮೊದಲ ಬಸ್ಸಿಗೆ ಬರುವಾಕೆ. ಇಪ್ಪತ್ತು ವರ್ಷದಿಂದ ಅದೇ ಗಿಡ, ಅದೇ ಗೋಣಿ.

“ಮಾಸ್ತರ್ರ, ಆ ಕಾಯಿನ್ ಹೆಸರ ಏನಂದ್ರಿ?”

“ಬಿಟ್ ಕಾಯಿನ್.”

“ಬಿಟ್ಟ ಕಾಯಿನ್ನ?”

“ಹೂಂ ಬೇ, ಅದೇ,” ಎಂದ ಗುರುಶಾಂತ, ಅವಳ ಕಡೆ ಪೂರ್ತಿ ತಿರುಗದೆ. ಅವನ ಕಣ್ಣು ದೌಲತರಾಯರ ಮೇಲಿತ್ತು.

“ಈಗ ಮಂದಿ ಬ್ಯಾಡ ಅಂತಾರ, ಮುಂದ ಅದಕ್ಕ ಬೆಲಿ ಬರ್ತದ ಅಂತೀರಿ.”

“ಬ್ಯಾಡ ಅನ್ನೂ ಹೊತ್ತಿನ್ಯಾಗ ತಗೊಂಡಾವ್ರೇ ಶಾಣ್ಯಾರು. ಎಲ್ಲಾರೂ ಬೇಕು ಅನ್ನೂ ಹೊತ್ತಿಗೆ ತುಟ್ಟಿ ಆಗಿರ್ತದ.”

“ನೀವು ತಗೊಂಡೀರೇನ್ರಿ?”

“ತಗೊಂಡೇನಿ,” ಎಂದ, ಸಾವ್ಕಾರರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ಅದು ಸುಳ್ಳಲ್ಲ. ಸಂಬಳದ ಬಾಕಿ ಬಂದಿದ್ದ ಒಂದೂವರೆ ಲಕ್ಷವನ್ನು ಹಿಂದಿನ ವಾರವೇ ಫೋನಿನಲ್ಲಿ ಅದಕ್ಕೆ ಹಾಕಿದ್ದ. ಆ ದುಡ್ಡಿನಲ್ಲಿ ಮುಂದಿನ ಕೋಣೆಯ ತಗಡು ತೆಗೆಸಿ ಸ್ಲ್ಯಾಬು ಹಾಕಿಸಬೇಕು ಎಂದು ಹೆಂಡತಿ ವಿಜಯಶ್ರೀ ಗೌಂಡಿಯನ್ನೂ ಕರೆಸಿ ಅಳೆಸಿದ್ದಳು. ಬಾಕಿ ಇನ್ನೂ ಬಂದಿಲ್ಲ ಎಂದು ಅವಳಿಗೆ ಹೇಳಿದ್ದ. ಎರಡೇ ತಿಂಗಳು, ದುಪ್ಪಟ್ಟಾದ ಮೇಲೆ ಒಂದು ಕೋಣೆಯೇನು, ಇಡೀ ಮನೆಗೇ ಹಾಕಿಸಿದರಾಯಿತು ಎಂದುಕೊಂಡಿದ್ದ. ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು ಎನ್ನುತ್ತಾರಲ್ಲ, ಹಾಗೆ ಆಸೆಗೂ ಸಮಯಕ್ಕೂ ಕೂಡಿಬಂದಿತ್ತು.

ಹತ್ತು ದಿನ ಅದು ಏರಿತು. ಆ ಹತ್ತು ದಿನ ಗುರುಶಾಂತ ಚಹಾಕ್ಕೆ ಎರಡೆರಡು ಸಲ ಬಂದ. ನಿಂಬೆವ್ವ ಎಲೆಗೆ ನೀರು ಚಿಮುಕಿಸುತ್ತ, “ಏರೇದೇನ್ರಿ?” ಎಂದು ಕೇಳುತ್ತಿದ್ದಳು. “ಏರೇದ,” ಎನ್ನುತ್ತಿದ್ದ. ಎಷ್ಟು ಎಂದು ಅವಳು ಕೇಳಲಿಲ್ಲ. ಲಕ್ಷದ ಮಾತು ಬೀದಿಯಲ್ಲಿ ಆಡುವುದಲ್ಲವೆಂದು ಅವನೂ ಹೇಳಲಿಲ್ಲ. ಜನವರಿಯಲ್ಲಿ ಇಳಿಯತೊಡಗಿದಾಗಲೂ ಅವಳು ಕೇಳಿದಳು. “ಇಳೀತದ, ಮತ್ತ ಏರ್ತದ. ಕೈ ಬಿಡಬಾರದು,” ಎಂದ. ಆ ಮಾತನ್ನು ಅವನು ತನಗೇ ಹೇಳಿಕೊಂಡಿದ್ದು. ಅವಳು ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬಂತು. ಬ್ಯಾಂಕುಗಳು ಆ ವ್ಯವಹಾರದಿಂದ ಕೈ ತೆಗೆಯಬೇಕು ಎಂದು. ಗುರುಶಾಂತ ಗಡಬಡಿಸಿ, ಉಳಿದಷ್ಟಾದರೂ ತೆಗೆಯೋಣವೆಂದು ಫೋನು ಒತ್ತಿದ. ಅವನು ಹಣ ಹಾಕಿದ ಕಂಪನಿ ‘ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ’ ಎಂದಿತು. ಮರುದಿನವೂ ಅದನ್ನೇ ಎಂದಿತು. ತಿಂಗಳಾದ ಮೇಲೆ ಅದನ್ನೂ ಹೇಳುವುದನ್ನು ಬಿಟ್ಟಿತು. ಗುರುಶಾಂತ ಕಾಲೇಜಿಗೆ ಹಿಂದಿನ ಓಣಿಯಿಂದ ಹೋಗತೊಡಗಿದ. ಒಮ್ಮೆ ದೌಲತರಾಯರು ಎದುರಾದಾಗ, “ಶರಣ್ರೀ ಮಾಸ್ತರ್ರ,” ಎಂದರೇ ಹೊರತು ಬೇರೆ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಎನ್ನಿಸಿ ಅವನಿಗೆ ನಾಚಿಕೆಯಾಯಿತು.

ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನದ ಊಟವಾಗಿ ಕೂತಿರುವಾಗ ಮನೆ ಮುಂದೆ ಆಟೋ ನಿಂತಿತು. ನಿಂಬೆವ್ವ ಇಳಿದಳು. ಆಟೋದವನು ಎಣ್ಣೆಯ ಡಬ್ಬಿಯೊಂದನ್ನು ಏದುಸಿರುಬಿಡುತ್ತ ತಂದು ಕಟ್ಟೆಯ ಮೇಲಿಟ್ಟ.

“ರಸ್ತೆ ದೊಡ್ಡದು ಮಾಡಾಕತ್ತಾರ್ರಿ, ಗಿಡ ಕಡದ್ರು,” ಎಂದಳು ಅವಳು ಕೂರುವ ಮೊದಲೇ. “ಎದುರ ಹೊಸಾ ಮಳಗಿ ಕಟ್ಯಾರಲ್ರಿ, ಕಡೀದು ಸಣ್ಣದೊಂದು ನನಗ ಕೊಡ್ತೇನಿ ಅಂದಾನ ಮಾಲಕ. ಸೋಮವಾರದೊಳಗ ಇಪ್ಪತ್ತ ಸಾವಿರ ಡಿಪಾಜಿಟ್. ಇಲ್ಲಂದ್ರ ಮೊಬೈಲ್ ರಿಪೇರಿಯವ ಕೇಳಾಕತ್ತಾನ, ಅವಗ ಹೋಗ್ತದ. ಅದಕ್ಕ ಮಾರೂಣು ಅಂತ ತಂದೇನ್ರಿ. ಈಗ ಎಷ್ಟ ನಡದದ ರೇಟು? ಇಳದಿದ್ರೂ ಇರ್ಲಿ, ನನಗ ಗರಜ್ ಅದ.”

ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಕಂಠದವರೆಗೂ ಹತ್ತು ರೂಪಾಯಿಯ ಕಾಯಿನ್ನುಗಳು.

“ಇವೇನ್ ಬೇ?” ಎಂದ ಗುರುಶಾಂತ.

“ಬಿಟ್ಟ ಕಾಯಿನ್ರಿ,” ಎಂದಳು ನಿಂಬೆವ್ವ, ಇದೇನು ಕೇಳುವ ಮಾತು ಎಂಬಂತೆ.

ಗುರುಶಾಂತ ಒಂದು ಕಾಯಿನ್ ಎತ್ತಿ ನೋಡಿದ. ಮಂದಿ ಬಿಟ್ಟ ಕಾಯಿನ್. ಊರೆಲ್ಲ ಬೇಡವೆಂದು ಕೈಬಿಟ್ಟ ಕಾಯಿನ್. ಆ ದಿನ ಅವಳು ಕೇಳಿದ್ದು ಇದನ್ನು. ಅವನು ‘ಹೂಂ, ಅದೇ’ ಎಂದಿದ್ದು ಇದಕ್ಕೆ. ಅವಳು ಒಂದೊಂದಾಗಿ ಹೇಳುತ್ತಿದ್ದಳು. ಅಫಜಲಪುರ ಬಸ್ಸಿನ ಕಂಡಕ್ಟರರ ಚೀಲದಲ್ಲಿ ಸಾಗದೆ ಉಳಿದವನ್ನು ತೆಗೆದುಕೊಂಡಳಂತೆ. ದರ್ಗಾದ ಬಾಗಿಲಲ್ಲಿ ಹೂವಿನ ಚಾದರ ಮಾರುವ ಪೀರಬಿಗೆ ಪರವೂರಿನ ಭಕ್ತರು ಕೊಟ್ಟವನ್ನು ತೆಗೆದುಕೊಂಡಳಂತೆ. ಎಂಟು ರೂಪಾಯಿಗೊಂದರಂತೆ. ಎರಡು ಸಾವಿರದ ನೂರು ಕಾಯಿನ್. ಎಲೆ ವ್ಯಾಪಾರದ ಬಂಡವಾಳವೆಲ್ಲ ಈಗ ಈ ಡಬ್ಬಿಯೊಳಗೆ. ಮಳಿಗೆಯ ಮಾಲಕ ಇವನ್ನು ಮುಟ್ಟುವುದಿಲ್ಲ ಎಂದಿದ್ದ. ಬ್ಯಾಂಕಿನಲ್ಲಿ ದಿನಕ್ಕೆ ಸಾವಿರ ರೂಪಾಯಿಯಷ್ಟು ಮಾತ್ರ ತರಬೇಕು ಎಂದಿದ್ದರು.

“ಅವರಿಗೇನ್ ತಿಳೀತದರಿ ಇದರ ಬೆಲಿ?” ಎಂದು ನಿಂಬೆವ್ವ ನೀರು ತಂದ ವಿಜಯಶ್ರೀಯ ಕಡೆ ತಿರುಗಿದಳು. “ಮಾಸ್ತರ್ರೇ ತಗೊಂಡಾರಂತ ನಾ ಧೈರ್ಯಾ ಮಾಡೇನ್ರಿ, ತಂಗಿ.”

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ವಿಜಯಶ್ರೀ ಡಬ್ಬಿಯನ್ನು ನೋಡಿದಳು, ಗಂಡನನ್ನು ನೋಡಿದಳು.

“ನೀವೂ ತಗೊಂಡೀರಿ?”

“ಇವಲ್ಲ,” ಎಂದ ಗುರುಶಾಂತ. “ಬ್ಯಾರೆ.”

“ಎಷ್ಟರದು?”

ಅವನು ಹೇಳಿದ. ದನಿ ಅವನಿಗೇ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು. ಅವಳು ನೆತ್ತಿಯ ಮೇಲಿನ ತಗಡಿನ ಕಡೆ ಒಮ್ಮೆ ಕಣ್ಣೆತ್ತಿದಳು. ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ.

“ಮೊದ್ಲ ಆಕೀದು ಕೆಲಸ ಮಾಡಿ ಬರ್ರಿ. ನಮ್ಮದು ಆಮ್ಯಾಲ ಮಾತಾಡೂಣು,” ಎಂದು ಖಾಲಿ ಚರಿಗೆ ಎತ್ತಿಕೊಂಡು ಒಳಗೆ ಹೋದಳು.

ಹೋಗಲು ಒಂದೇ ಜಾಗವಿತ್ತು. ಯಾರ ಕಣ್ಣಿಗೆ ಬೀಳಬಾರದೆಂದು ಓಣಿ ಬದಲಿಸಿದ್ದನೋ ಅವರದೇ ಬಾಗಿಲು. ಆಟೋದಲ್ಲಿ ಗುರುಶಾಂತ ಡಬ್ಬಿಯನ್ನು ಕಾಲುಗಳ ನಡುವೆ ಹಿಡಿದುಕೊಂಡು ಕೂತ.

ದೌಲತರಾಯರು ಮಿಲ್ಲಿನಂಗಳದಲ್ಲಿ ಬೇಳೆಯ ಧೂಳಿನ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗುರುಶಾಂತ ಎಲ್ಲ ಹೇಳಿದ. ಅವಳು ತಪ್ಪು ಕೇಳಿದ್ದು, ತಾನು ಸರಿಯಾಗಿ ಕೇಳಿಸಿಕೊಳ್ಳದೆ ಹೂಂ ಅಂದದ್ದು. ನಿಂಬೆವ್ವ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅವಳಿಗೂ ಅದು ಗೊತ್ತಾದದ್ದು ಆಗಷ್ಟೇ. ಅವಳ ಮುಖ ಸಣ್ಣದಾಯಿತು. ಆದರೆ ಡಬ್ಬಿಯ ಮೇಲಿನ ಕೈ ತೆಗೆಯಲಿಲ್ಲ.

“ಸೊಲ್ಲಾಪುರದಾಗ ಇವು ನಡೀತಾವ,” ಎಂದರು ದೌಲತರಾಯರು. “ಬುಧವಾರ ನನ್ನ ಲಾರಿ ಹೋಗ್ತದ. ಒಂದಕ್ಕ ಹತ್ತರಂಗ ಹಿಡೀತೇನಿ. ನೂರಕ್ಕ ಎರಡ ರೂಪಾಯಿ ಅಡತಿ.”

“ಅಡತಿ ಬ್ಯಾಡ್ರಿ, ಬಡವಿ ಇದ್ದಾಳ,” ಎಂದ ಗುರುಶಾಂತ.

“ಇರ್ಲಿ ಬಿಡ್ರಿ ಮಾಸ್ತರ್ರ,” ಎಂದಳು ನಿಂಬೆವ್ವ. “ವ್ಯಾಪಾರದಾಗ ಅಡತಿ ಇರ್ತದ.”

ಎಣಿಸುತ್ತ ಕೂರುವ ಜನ ಅಲ್ಲಿ ಇರಲಿಲ್ಲ. ಹಮಾಲ ನೂರು ಕಾಯಿನ್ ಎಣಿಸಿ ಕಾಟಾದ ಮೇಲಿಟ್ಟು ತೂಕ ನೋಡಿದ. ಆಮೇಲೆ ಇಡೀ ರಾಶಿಯನ್ನು ಬೇಳೆಯಂತೆ ಸುರಿದು ತೂಗಿದರು. ಹದಿನಾರು ಕಿಲೋ ಇನ್ನೂರು ಗ್ರಾಮು. ದೌಲತರಾಯರು ಅಡತಿಯ ನಾನೂರ ಇಪ್ಪತ್ತು ಮುರಿದುಕೊಂಡು ಇಪ್ಪತ್ತು ಸಾವಿರದ ಐನೂರ ಎಂಬತ್ತು ರೂಪಾಯಿಯ ನೋಟು ಕೊಟ್ಟರು. ಎಂಟರಂತೆ ಕೊಂಡ ನಿಂಬೆವ್ವನಿಗೆ ಮೂರು ಸಾವಿರದ ಮೇಲೆ ಲಾಭವೇ ಆಗಿತ್ತು. ಆ ಆರು ತಿಂಗಳಲ್ಲಿ ಆಳಂದದಲ್ಲಿ ಕಾಯಿನ್ನಿನಿಂದ ಲಾಭ ಮಾಡಿದ್ದು ಬಹುಶಃ ಅವಳೊಬ್ಬಳೇ.

“ನೀವು ಅಂದದ್ದೇ ಖರೆ ಆತ್ರಿ ಸಾವ್ಕಾರ್ರ,” ಎಂದ ಗುರುಶಾಂತ. ಇದನ್ನು ಹೇಳದೆ ಅಲ್ಲಿಂದ ಹೋಗುವುದು ಅವನಿಗೆ ಆಗಲಿಲ್ಲ.

“ಅರ್ಧ ಖರೆ,” ಎಂದರು ದೌಲತರಾಯರು. “ನೋಟ ರದ್ದಾದಾಗ ಹಮಾಲರಿಗೆ ಕೊಡಾಕ ನನ್ನ ಹಂತೇಕ ರೊಕ್ಕ ಇದ್ದಿಲ್ಲ. ಎರಡ ವಾರ ಪಗಾರ ಬೇಳಿ ಅಳದ ಕೊಟ್ಟೇನಿ. ಆವಾಗ ನಿಮ್ಮ ಮಾತು ಕೇಳಿದ್ರ ನಾನೂ ಹಾಕ್ತಿದ್ನೇನೋ.”

ಗೇಟಿನ ಹೊರಗೆ ಆಟೋ ಕಾಯುತ್ತಿತ್ತು. ನಿಂಬೆವ್ವ ನೋಟುಗಳನ್ನು ಕುಪ್ಪಸದೊಳಗೆ ಸೇರಿಸಿ, ಹತ್ತಲು ಹೋದವಳು ನಿಂತಳು. ಅವಳಿಗೆ ಗುರುಶಾಂತನ ಮೇಲೆ ಸಿಟ್ಟು ಬಂದಿರಬೇಕಿತ್ತು; ಬೈದರೆ ಕೇಳಿಸಿಕೊಳ್ಳಲು ಅವನು ತಯಾರಾಗಿಯೇ ನಿಂತಿದ್ದ.

“ಮಾಸ್ತರ್ರ, ನಿಮ್ಮವು ಯಾರೂ ತಗೊಳಂಗಿಲ್ಲೇನ್ರಿ ಈಗ?”

“ಇಲ್ಲ ಬೇ.”

“ಸೊಲ್ಲಾಪುರದಾಗೂ?”

“ಎಲ್ಲ್ಯೂ ಇಲ್ಲ.”

“ಹಂಗಾರ ನನಗ ಕೊಡ್ರಿ. ಎಲ್ಲಾರಿಗೂ ಎಂಟರಂಗ ಕೊಟ್ಟೇನಿ, ನಿಮಗೂ ಎಂಟರಂಗ ಕೊಡ್ತೇನಿ. ಎಷ್ಟ ಅದಾವ?”

ಚೇಷ್ಟೆ ಮಾಡುತ್ತಿದ್ದಾಳೆಯೇ ಎಂದು ಗುರುಶಾಂತ ಅವಳ ಮುಖ ನೋಡಿದ. ಅಲ್ಲಿ ಚೇಷ್ಟೆ ಇರಲಿಲ್ಲ. ಕಾಯಿನ್ ಸಾಗದೆ ಕೂತ ಕಂಡಕ್ಟರನ ಮುಂದೆ, ಪೀರಬಿಯ ಮುಂದೆ ನಿಂತಾಗ ಇದ್ದಿರಬಹುದಾದ ಮುಖವೇ ಅದು.

“ಪೂರಾ ಒಂದೂ ಇಲ್ಲ ಬೇ,” ಎಂದ. “ಒಂದರೊಳಗ ಎಂಟನೇ ಪಾಲು. ಅಷ್ಟೇ ಬಂದಿತ್ತು.”

ಒಂದೂವರೆ ಲಕ್ಷಕ್ಕೆ ಅಷ್ಟು ಎಂದು ಅವನು ಬಿಡಿಸಿ ಹೇಳಲಿಲ್ಲ. ಇಪ್ಪತ್ತು ವರ್ಷ ಎಲೆ ಎಣಿಸಿದ ನಿಂಬೆವ್ವನಿಗೆ ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ. ಸೊಂಟದ ಸಂಚಿ ಬಿಚ್ಚಿ, ಅಡಿಕೆ ಚೂರಿನ ನಡುವೆ ಬೆರಳಾಡಿಸಿ, ಒಂದು ರೂಪಾಯಿಯ ನಾಣ್ಯ ತೆಗೆದು ಅವನ ಕೈಗಿಟ್ಟಳು.

“ಚುಕ್ತಾ ಆತಲ್ರಿ?”

“ಆತು,” ಎಂದ ಗುರುಶಾಂತ.

ಆಟೋ ಬಸ್ ನಿಲ್ದಾಣದ ಕಡೆ ಹೋಯಿತು. ಅವನು ಬಿಸಿಲಲ್ಲಿ ಮನೆಯವರೆಗೂ ನಡೆದೇ ಬಂದ. ವಿಜಯಶ್ರೀ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಆತೇನ್ರಿ ಆಕೀದು?” ಎಂದಳು ತಲೆ ಎತ್ತದೆ. ಅವನು ಹೂಂಗುಟ್ಟಿ, ಮೊರದ ಅಂಚಿನಲ್ಲಿ, ಆರಿಸಿದ ಹರಳುಗಳ ಪಕ್ಕದಲ್ಲಿ ಆ ರೂಪಾಯಿ ಇಟ್ಟ. ಅವಳು ಅದನ್ನು ನೋಡಿದಳು. ಏನು ಎಂದು ಕೇಳದೆ, ಸ್ವಲ್ಪ ಸರಿದು ಅವನಿಗೂ ಕೂರಲು ಜಾಗ ಮಾಡಿದಳು.