ನೀರು ಮುಟ್ಟದ ದಿನದ ತಾರೀಖು

೧೯೭೪. ಮತ್ತೋಡಿನಲ್ಲಿ ನಾನು ಗ್ರಾಮಸೇವಕ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗಬೇಕಾದರೆ ಹೊಸದುರ್ಗದ ಸಾಹೇಬರು ನನ್ನ ದಿನಚರಿ ನೋಡಿ ಒಪ್ಪಬೇಕು. ದಿನಕ್ಕೊಂದು ಹಾಳೆ ಬರೆದು, ಮಡಿಸಿ, ಅದರ ಬೆನ್ನ ಮೇಲೆ ತಾರೀಖು ಹಾಕಿ ಕಟ್ಟಿಡುವುದು ಸರ್ಕಾರದ ಕ್ರಮ. ನನ್ನ ಅಕ್ಷರವೋ ಕಾಗೆ ಕಾಲು ಗುಬ್ಬಿ ಕಾಲು. ಹೆಂಡತಿ ಬರಗೇರಮ್ಮ ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ದುಂಡಗೆ. ಬೆನ್ನ ಮೇಲೆ ಬರೆಯುವ ಕೆಲಸ ಅವಳಿಗೆ ಒಪ್ಪಿಸಿ ನಿಶ್ಚಿಂತನಾಗಿದ್ದೆ. ಹೊರಗೆ ಇರುತ್ತಲ್ಲ ಎಂದು ಒಳಗೆ ತಾರೀಖೇ ಹಾಕುತ್ತಿರಲಿಲ್ಲ.

ಮನೆಯೇ ಆಫೀಸು. ಒಂದು ದಿನ ಸಾಹೇಬರು ಬಂದು ಕುರ್ಚಿಯಲ್ಲಿ ಕೂತರು.

"ಮುದ್ದಣ್ಣ, ಜುಲೈ ಹದಿನಾಲ್ಕರದು ಕೊಡಿ. ಅವತ್ತು ನಾನೇ ಬಂದಿದ್ದೆ. ಹೇಳಿದ್ದನ್ನ ಸರಿಯಾಗಿ ಬರೆದಿದ್ರೆ ಇವತ್ತೇ ಶಿಫಾರಸು ಮಾಡ್ತೀನಿ."

ಕಟ್ಟು ಬಿಚ್ಚಿದೆ. 'ಬೋಳಿ ಕುರಿ ಈದ ದಿನ.' 'ತಿಪ್ಪಯ್ಯನ ಟಗರು ಬಾವಿಗೆ ಬಿದ್ದ ದಿನ.' 'ಅತ್ತೆ ಮಾತು ಬಿಟ್ಟ ದಿನ.' 'ಅತ್ತೆ ಇನ್ನೂ ಮಾತಾಡದ ದಿನ.' ತಲೆ ಗಿರ್ರೆಂದಿತು. ಹುಡುಕಿದರೆ ಒಂದು ತಾರೀಖಿಲ್ಲ! ಕಟ್ಟನ್ನು ಹಾಗೇ ಹೊತ್ತು ಅಡುಗೆಮನೆಗೆ ನುಗ್ಗಿದೆ.

"ಏನೇ ಇದು? ಜುಲೈ ಹದಿನಾಲ್ಕು ಎಲ್ಲೈತೆ?"

"ಆ ಜುಲೈ ಯಾರಿಗೆ ಗೊತ್ತೈತ್ರಿ? ನಮ್ಮಪ್ಪನ ಕುರಿಹಟ್ಟೀಲಿ ದಿನಕ್ಕೆ ಹಿಂಗೇ ಹೆಸರಿಡೋದು. ಅವತ್ತು ಏನಾತು ಹೇಳ್ರಿ, ತೆಗೆದು ಕೊಡ್ತೀನಿ."

"ಸಾಹೇಬ್ರು ಬಂದಿದ್ರಲ್ಲ, ಅವತ್ತಿಂದು."

ಅವಳ ಮುಖ ಸಪ್ಪಗಾಯಿತು. ಹಾಳೆಯನ್ನೇನೋ ತಟ್ಟನೆ ತೆಗೆದಳು, ಕೊಡಲಿಲ್ಲ.

"ಇದು ಬ್ಯಾಡ್ರಿ."

"ಕೊಡೇ, ನನ್ನ ನೌಕರಿ ಹೋಗ್ತೈತೆ!" ಕಿತ್ತುಕೊಂಡು, ಓದದೆಯೇ ಓಡಿ ಸಾಹೇಬರ ಕೈಗಿಟ್ಟೆ. ಅವರು ಹಾಳೆಯ ಬೆನ್ನು ತಿರುಗಿಸಿ ಓದುವಾಗಲೇ ನಾನೂ ಓದಿದ್ದು: 'ನಮ್ಮನೆ ನೀರೂ ಮುಟ್ಟದ ಸಾಹೇಬ್ರು ಬಂದ ದಿನ.'

ಕೆಲಸ ಹೋಯಿತು ಅಂದುಕೊಂಡೆ. ಸಾಹೇಬರು ಹಾಳೆ ಬಿಡಿಸಿ ಓದಿದರು, ತಲೆಯಾಡಿಸಿದರು. ಕೆಂಪು ಪೆನ್ನಿನಲ್ಲಿ ಆ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ತಾರೀಖು ಬರೆದು ಸಹಿ ಮಾಡಿದರು.

"ಶಿಫಾರಸು ಕಳಿಸ್ತೀನಿ. ಇನ್ನು ಮೇಲೆ ತಾರೀಖು ಹಾಕೋದು ಕಲೀರಿ."

"ಆಗಲಿ ಸಾರ್."

ಅಷ್ಟರಲ್ಲಿ ಬರಗೇರಮ್ಮ ಲೋಟದಲ್ಲಿ ಮಜ್ಜಿಗೆ ತಂದು ಮುಂದಿಟ್ಟಳು. ಸಾಹೇಬರು ವಾಚು ನೋಡಿಕೊಂಡು, "ಹೊತ್ತಾಯ್ತಮ್ಮ" ಎಂದು ಚಪ್ಪಲಿ ಮೆಟ್ಟಿದರು.

ಜೀಪು ಹೋಯಿತು. ಖುಷಿಪಡಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಸಿಟ್ಟಂತೂ ನೆತ್ತಿಗೇರಿತ್ತು. ಆದರೆ ಯಾರ ಮೇಲೆ? ಅವರ ಮೇಲೋ, ಇಂಥ ಹೆಸರಿಟ್ಟ ಇವಳ ಮೇಲೋ, ಆಗಲಿ ಸಾರ್ ಎಂದ ನನ್ನ ಮೇಲೋ? ಮಜ್ಜಿಗೆಯನ್ನು ನಾನೇ ಎತ್ತಿ ಗಟಗಟ ಕುಡಿದೆ.

ಬರಗೇರಮ್ಮ ಹೊಸ ಹಾಳೆ ಮಡಿಸಿಕೊಂಡು ಬಂದಳು. "ಇವತ್ತಿಂದಕ್ಕೆ ಏನಂತ ಬರೀಲಿ?"

"ತಾರೀಖು ಬರಿ."

"ಬರೀತೀನಿ," ಎಂದಳು. "ಬರೀ ತಾರೀಖು ಬರೆದ್ರೆ ಇವತ್ತು ಏನಾತು ಅಂತ ನಾಳೆ ಯಾರಿಗೆ ಗೊತ್ತಾಗ್ತೈತ್ರಿ?"